ಹಳೆಯ ಟ್ರ್ಯಾಕ್ಟರಿಗೆ ಸೆಕೆಂಡ್ ಹ್ಯಾಂಡ್ ಲೋಡರ್: ಕೊಳ್ಳುವ ಮುನ್ನ ಏನೇನು ನೋಡಬೇಕು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಊರುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಮಹೀಂದ್ರಾ 575, ಮ್ಯಾಸ್ಸಿ ಫರ್ಗುಸನ್ 1035, ಎಚ್‌ಎಂಟಿ 3522ರಂತಹ ಟ್ರ್ಯಾಕ್ಟರುಗಳು ಇಂದಿಗೂ ಓಡಾಡುತ್ತಿವೆ. ಉಳುಮೆಗೆ ಹೊಸ ಗಾಡಿ ಬಂದ ಮೇಲೆ ಹಳೆಯದನ್ನು ಸಿಕ್ಕಿದ ಬೆಲೆಗೆ ಮಾರುವ ಬದಲು, ಅದರ ಮುಂದೆ ಒಂದು ಲೋಡರ್ (ಬಕೆಟ್ ಹೊತ್ತು ಮೇಲೇಳುವ ಜೋಡಿ ತೋಳು) ಕೂರಿಸಿ ತಿಪ್ಪೆ ಗೊಬ್ಬರ ತುಂಬಲು, ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯಲು, ತೋಟದ ದಾರಿಗೆ ಗ್ರಾವೆಲ್ ಹರಡಲು ಬಳಸಿಕೊಳ್ಳೋಣ ಎಂದು ಯೋಚಿಸುವ ರೈತರು ಅನೇಕರಿದ್ದಾರೆ. ಯೋಚನೆ ಸರಿಯಾದದ್ದೇ. ಆದರೆ ಲೋಡರ್ ನೋಡಲು ಹೋದವರು ಸಾಮಾನ್ಯವಾಗಿ ಬಕೆಟ್ಟಿನ ಅಗಲ ನೋಡಿ, ಬಣ್ಣ ನೋಡಿ ಬೆಲೆಯ ಮಾತಿಗೆ ಇಳಿಯುತ್ತಾರೆ. ಖರ್ಚು ಮತ್ತು ಅಪಾಯ ಎರಡೂ ಅಡಗಿರುವುದು ಲೋಡರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಫ್ರೇಮಿನಲ್ಲಿ ಮತ್ತು ಅದನ್ನು ಎತ್ತುವ ಎಣ್ಣೆಯ ವ್ಯವಸ್ಥೆಯಲ್ಲಿ. ಆದ್ದರಿಂದ ಈ ಲೇಖನದಲ್ಲಿ ಆ ಎರಡು ವಿಷಯಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕೆಲಸದ ಲೆಕ್ಕ

ಯಾವ ವಸ್ತುವನ್ನು, ಎಷ್ಟು ಎತ್ತರಕ್ಕೆ, ಎಂಥ ನೆಲದ ಮೇಲೆ ನಿಂತು ತುಂಬಬೇಕು ಎಂಬುದನ್ನು ಮೊದಲು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ತೇವಾಂಶಕ್ಕೆ ತಕ್ಕಂತೆ ಒಂದು ಘನ ಮೀಟರ್ ಕೊಟ್ಟಿಗೆ ಗೊಬ್ಬರ 600ರಿಂದ 900 ಕಿಲೋ ತೂಗಿದರೆ, ಅಷ್ಟೇ ಒದ್ದೆ ಮಣ್ಣು 1,700 ಕಿಲೋ ದಾಟುತ್ತದೆ. ಅಂದರೆ 0.3 ಘನ ಮೀಟರಿನ ಒಂದೇ ಬಕೆಟ್ ಗೊಬ್ಬರ ತುಂಬಿದಾಗ ಇನ್ನೂರೈವತ್ತು ಕಿಲೋ ಆಸುಪಾಸಿನಲ್ಲಿದ್ದು, ಕೆರೆ ಗೋಡು ತುಂಬಿದಾಗ ಐನೂರು ಕಿಲೋ ಮೀರುತ್ತದೆ. ಗೊಬ್ಬರಕ್ಕೆಂದು ಮಾಡಿಸಿದ ಅಗಲವಾದ ಬಕೆಟ್ಟಿನಲ್ಲಿ ಗೋಡು ಹೊಡೆದು ತೋಳು ಬಾಗಿಸಿದ ಲೋಡರುಗಳು ಮಾರಾಟಕ್ಕೆ ಬರುವುದು ಇದೇ ಕಾರಣಕ್ಕೆ.

ಎತ್ತರದ ವಿಷಯದಲ್ಲಿ ಮಾರುವವರು ಹೇಳುವ ಅಳತೆ ಬಹುತೇಕ ಬಕೆಟ್ ಕೀಲಿನ ಪಿನ್ನಿನದು. ನಿಮಗೆ ಬೇಕಾದದ್ದು ಬಕೆಟ್ ಪೂರ್ತಿ ಬಗ್ಗಿ ಸುರಿಯುವಾಗ ಅದರ ತುಟಿ ನೆಲದಿಂದ ಎಷ್ಟು ಮೇಲಿರುತ್ತದೆ ಎಂಬ ಅಳತೆ. ಇದು ಪಿನ್ನಿನ ಎತ್ತರಕ್ಕಿಂತ ಎರಡಡಿಯಷ್ಟು ಕಡಿಮೆ ಇರಬಹುದು. ನಿಮ್ಮ ಟ್ರೇಲರಿನ ಬದಿಯ ಹಲಗೆಯ ತುದಿಯವರೆಗೆ ಟೇಪು ಹಿಡಿದು ಅಳೆದುಕೊಂಡು, ಆ ಅಳತೆಯನ್ನು ಜೇಬಿನಲ್ಲಿಟ್ಟುಕೊಂಡೇ ಲೋಡರ್ ನೋಡಲು ಹೊರಡಿ.

ನೆಲದ ವಿಷಯದಲ್ಲಿ ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲಿಗೂ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಇಳಿಜಾರಿಗೂ ಒಂದೇ ಸಲಹೆ ಸಲ್ಲುವುದಿಲ್ಲ. ಬಯಲು ಸೀಮೆಯ ಸಮತಟ್ಟಾದ ತೆಂಗಿನ ತೋಟದಲ್ಲಿ, ಶುಂಠಿ ಅಥವಾ ಆಲೂಗಡ್ಡೆ ಹೊಲದ ಬದಿಯಲ್ಲಿ ಹಳೆಯ ಟ್ರ್ಯಾಕ್ಟರಿನ ಲೋಡರ್ ನಿಶ್ಚಿಂತೆಯಿಂದ ದುಡಿಯುತ್ತದೆ. ಮಲೆನಾಡಿನ ಕಾಫಿ ತೋಟದಲ್ಲಿ ಅದರ ಬಳಕೆ ಕಣ, ಗೊಬ್ಬರದ ಗುಂಡಿ ಮತ್ತು ಮನೆಯ ಸುತ್ತಣ ಸಮನೆಲಕ್ಕೆ ಸೀಮಿತವಾಗಿರಬೇಕು. ಬಕೆಟ್ ಎತ್ತಿದಾಗ ಭಾರದ ಕೇಂದ್ರ ಮೇಲಕ್ಕೆ ಹೋಗುತ್ತದೆ; ಅಡ್ಡ ಇಳಿಜಾರಿನಲ್ಲಿ, ಅದರಲ್ಲೂ ಚಾಲಕನ ರಕ್ಷಣೆಗೆ ರೋಲ್ ಬಾರ್ ಇಲ್ಲದ ಹಳೆಯ ಗಾಡಿಯಲ್ಲಿ, ಅದು ಪ್ರಾಣಕ್ಕೇ ಎರವಾಗುವ ಸ್ಥಿತಿ. ಇನ್ನು ವರ್ಷಕ್ಕೆ ನಾಲ್ಕಾರು ದಿನ ಗೋಡು ಹೊಡೆಸುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ಲೋಡರ್ ಕೊಳ್ಳಲೇಬೇಡಿ. ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸುವುದೇ ಅಗ್ಗ.

ಟ್ರ್ಯಾಕ್ಟರ್ ಈ ಹೊರೆ ತಡೆಯುತ್ತದೆಯೇ

"ಎಷ್ಟು ಎಚ್.ಪಿ. ಗಾಡಿಗೆ ಹೊಂದುತ್ತದೆ?" ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ವಾಸ್ತವವಾಗಿ ನಿಮಿಷಕ್ಕೆ 18 ಲೀಟರ್ ಎಣ್ಣೆಯನ್ನು 150 ಬಾರ್ ಒತ್ತಡದಲ್ಲಿ ತಳ್ಳುವ ಪಂಪಿಗೆ ಬೇಕಾಗುವುದು ಸುಮಾರು ಆರು ಎಚ್.ಪಿ. ಮಾತ್ರ. ಎಂಜಿನ್ನಿಗೆ ಲೋಡರ್ ದೊಡ್ಡ ಹೊರೆಯಲ್ಲ; ಹೊರೆ ಬೀಳುವುದು ಮುಂದಿನ ಆಕ್ಸಲಿನ ಮೇಲೆ. ಎಷ್ಟು ಬೀಳುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಟ್ರ್ಯಾಕ್ಟರಿನ ತೂಕ 1,800 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಮುಂದಿನ ಚಕ್ರಗಳ ಮೇಲೆ 720, ಹಿಂದಿನ ಚಕ್ರಗಳ ಮೇಲೆ 1,080. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ಅಂತರ 1.9 ಮೀಟರ್. ಈಗ 450 ಕಿಲೋ ತೂಗುವ ಲೋಡರನ್ನು ಕೂರಿಸಿ, ಅದರ ಭಾರದ ಕೇಂದ್ರ ಮುಂದಿನ ಆಕ್ಸಲಿಗಿಂತ ಅರ್ಧ ಮೀಟರ್ ಮುಂದಿದೆ ಎಂದುಕೊಂಡು, ಒಂದೂವರೆ ಮೀಟರ್ ಮುಂದಿರುವ ಬಕೆಟ್ಟಿಗೆ 500 ಕಿಲೋ ಮಣ್ಣು ತುಂಬಿದರೆ, ಮುಂದಿನ ಆಕ್ಸಲಿನ ಮೇಲಿನ ಹೊರೆ ಸುಮಾರು 2,180 ಕಿಲೋಗೆ ಏರುತ್ತದೆ, ಹಿಂದಿನ ಆಕ್ಸಲಿನ ಮೇಲೆ 570 ಕಿಲೋ ಮಾತ್ರ ಉಳಿಯುತ್ತದೆ. ಮೂರು ಪಟ್ಟು ಹೊರೆ ಹೊತ್ತ ಮುಂದಿನ ಚಕ್ರಗಳು ಒಂದೆಡೆ, ಬ್ರೇಕ್ ಇರುವ ಹಿಂದಿನ ಚಕ್ರಗಳು ನೆಲವನ್ನು ಹಗುರವಾಗಿ ಮುಟ್ಟಿಕೊಂಡಿರುವುದು ಇನ್ನೊಂದೆಡೆ. ಬ್ರೇಕ್ ಹಿಡಿಯದಿರುವುದಕ್ಕೂ, ಮುಂದಿನ ಚಕ್ರವನ್ನು ಹೊರುವ ಸ್ಟಬ್ ಆಕ್ಸಲ್ ಮುರಿಯುವುದಕ್ಕೂ ಕಾರಣ ಇಲ್ಲೇ ಇದೆ.

ಇದೇ ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿಗೆ, ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಆಚೆಗೆ ಬರುವಂತೆ, 400 ಕಿಲೋ ತೂಕದ ಕಾಂಕ್ರೀಟ್ ದಿಮ್ಮಿ ತೂಗಿಸಿದರೆ ಹಿಂದಿನ ಹೊರೆ 570ರಿಂದ 1,180 ಕಿಲೋ ಆಸುಪಾಸಿಗೆ ಬರುತ್ತದೆ, ಮುಂದಿನದು ಇನ್ನೂರು ಕಿಲೋ ಇಳಿಯುತ್ತದೆ. 60 ಸೆಂಟಿಮೀಟರ್ ಉದ್ದ, 60 ಅಗಲ, 46 ಎತ್ತರದ ಕಾಂಕ್ರೀಟ್ ದಿಮ್ಮಿ ಸುಮಾರು 400 ಕಿಲೋ ತೂಗುತ್ತದೆ. ಲಿಫ್ಟಿನ ಮೂರು ಪಿನ್ನುಗಳನ್ನು ಎರಕದ ಸಮಯದಲ್ಲೇ ಕೂರಿಸಿದರೆ ಊರಿನ ಗಾರೆ ಕೆಲಸದವರೇ ಇದನ್ನು ಮಾಡಿಕೊಡಬಲ್ಲರು. ಇದಲ್ಲದೆ 13.6-28ರ ಹಿಂದಿನ ಟೈರಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿಸಿದರೆ ಒಂದೊಂದಕ್ಕೆ ಸುಮಾರು 200 ಕಿಲೋ ಸೇರುತ್ತದೆ. ಹಿಂದಿನ ಭಾರವಿಲ್ಲದೆ ಲೋಡರ್ ನಡೆಸಬಾರದು. ಇದರಲ್ಲಿ ವಿನಾಯಿತಿ ಇಲ್ಲ.

ನಿಮ್ಮ ಟ್ರ್ಯಾಕ್ಟರಿನ ನಿಜವಾದ ತೂಕ ತಿಳಿಯಲು ಹತ್ತಿರದ ವೇ ಬ್ರಿಡ್ಜಿಗೆ ಹೋಗಿ ಮೊದಲು ಇಡೀ ಗಾಡಿಯನ್ನು, ಆಮೇಲೆ ಮುಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಗಿಸಿ. ಈ ಎರಡು ಚೀಟಿಗಳು ನಿಮ್ಮ ಕೈಯಲ್ಲಿದ್ದರೆ ಮೇಲಿನ ಲೆಕ್ಕವನ್ನು ನಿಮ್ಮ ಗಾಡಿಗೇ ಮಾಡಿಕೊಳ್ಳಬಹುದು.

ಆಮೇಲೆ ಮುಂದಿನ ಆಕ್ಸಲನ್ನು ಜಾಕಿಯ ಮೇಲೆ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಕಿಂಗ್ ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಬುಷ್, ಚಕ್ರದ ಬೇರಿಂಗ್, ಆಕ್ಸಲಿನ ನಡುವಿನ ಸೆಂಟರ್ ಪಿನ್ ಇವುಗಳಲ್ಲಿ ಯಾವುದು ಸಡಿಲವಾಗಿದ್ದರೂ ಲೋಡರ್ ಬರುವ ಮುನ್ನ ಅದನ್ನು ಹೊಸದಾಗಿಸಬೇಕು. ಮುಂದಿನ ಟೈರ್ 6.00-16 ಆಗಿದ್ದರೆ ಒಂದೊಂದರ ಮೇಲೆ ಟನ್ನಿನಷ್ಟು ಭಾರ ಹಾಕುವುದು ಸರಿಯಲ್ಲ; ರಿಮ್ಮು ಮತ್ತು ಹಬ್ಬು ಹೊಂದುವುದಾದರೆ 7.50-16ಕ್ಕೆ ಬದಲಾಯಿಸಿ, ಹೊಂದದಿದ್ದರೆ ಚಿಕ್ಕ ಬಕೆಟ್ಟಿಗೆ ತೃಪ್ತರಾಗಿ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ತುಂಬಿದ ಬಕೆಟ್ಟಿನೊಂದಿಗೆ ದಿನವಿಡೀ ತಿರುಗಿಸುವುದು ಚಾಲಕನ ಭುಜಕ್ಕೂ ಸ್ಟಿಯರಿಂಗ್ ಬಾಕ್ಸಿಗೂ ಶಿಕ್ಷೆ. ಹೊರಗಿನಿಂದ ಪವರ್ ಸ್ಟಿಯರಿಂಗ್ ಕೂರಿಸುವ ಖರ್ಚನ್ನು ಲೋಡರಿನ ಬೆಲೆಯ ಜೊತೆಗೇ ಸೇರಿಸಿಕೊಂಡು ಯೋಚಿಸುವುದು ಒಳ್ಳೆಯದು. ಲೋಡರ್ ಕೆಲಸದಲ್ಲಿ ಅರ್ಧ ಹೊತ್ತು ರಿವರ್ಸ್ ಗೇರಿನಲ್ಲೇ ಕಳೆಯುವುದರಿಂದ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ ಎಂಬುದೂ ನೆನಪಿರಲಿ.

ಫ್ರೇಮ್: ಕೊಳ್ಳುವ ನಿರ್ಧಾರ ಇಲ್ಲಿದೆ

ಲಾರಿಗೆ ಇರುವಂತೆ ಈ ಟ್ರ್ಯಾಕ್ಟರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಮುಂದಿನ ಆಕ್ಸಲ್ ಸಪೋರ್ಟ್, ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಇವನ್ನೆಲ್ಲ ಒಂದಕ್ಕೊಂದು ಬೋಲ್ಟಿನಿಂದ ಬಿಗಿದಿರುವುದೇ ಅದರ ಬೆನ್ನೆಲುಬು. ಇವೆಲ್ಲ ಬೀಡು ಕಬ್ಬಿಣದ ಎರಕಗಳು, ಬಾಗುವುದಿಲ್ಲ, ಒಡೆಯುತ್ತವೆ. ಮಣ್ಣಿನ ಗುಡ್ಡೆಗೆ ಬಕೆಟ್ ನುಗ್ಗಿಸಿದಾಗ ಬರುವ ಒದೆತವನ್ನು ಮುಂದಿನ ಆಕ್ಸಲ್ ಸಪೋರ್ಟಿನ ನಾಲ್ಕಾರು ಬೋಲ್ಟುಗಳೇ ತಡೆಯಬೇಕಾಗಿ ಬಂದರೆ ಆ ಎರಕ ಬಿರುಕು ಬಿಡುತ್ತದೆ, ಇಲ್ಲವೇ ಎಂಜಿನ್ ಮತ್ತು ಕ್ಲಚ್ ಹೌಸಿಂಗ್ ಸೇರುವ ಕಡೆ ಗಾಡಿಯೇ ಎರಡು ತುಂಡಾಗುತ್ತದೆ. ಆದ್ದರಿಂದ ಲೋಡರಿನ ಫ್ರೇಮ್ ಮುಂದಿನಿಂದ ಹೊರಟು ಎಂಜಿನ್ನಿನ ಎರಡೂ ಬದಿಯಲ್ಲಿ ಹಾದು ಹಿಂದಿನ ಆಕ್ಸಲ್ ಹೌಸಿಂಗಿನವರೆಗೆ ಬಂದು ಅಲ್ಲಿ ಬಿಗಿಯಾಗಿರಲೇಬೇಕು. ಕ್ಲಚ್ ಹೌಸಿಂಗಿನ ಬಳಿಯೇ ಮುಗಿಯುವ ಅರೆಬರೆ ಫ್ರೇಮ್ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ.

ಎರಡನೆಯ ಪ್ರಶ್ನೆ, ಆ ಫ್ರೇಮ್ ನಿಮ್ಮ ಮಾದರಿಯ ಟ್ರ್ಯಾಕ್ಟರಿನದೇ ಅಲ್ಲವೇ ಎಂಬುದು. ಬೋಲ್ಟ್ ತೂತುಗಳ ಅಂತರ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ನಿಮ್ಮದೇ ಮಾದರಿಯ ಗಾಡಿಯಿಂದ ಬಿಚ್ಚಿದ, ಬ್ರಾಕೆಟ್ಟುಗಳೆಲ್ಲ ಜೊತೆಗಿರುವ ಲೋಡರ್ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಫ್ರೇಮ್ ಇಲ್ಲದೆ ತೋಳು ಮತ್ತು ಬಕೆಟ್ ಮಾತ್ರ ಮಾರಾಟಕ್ಕಿದ್ದರೆ, ಕಬ್ಬಿಣದ ತೂಕದ ಬೆಲೆಗಿಂತ ಹೆಚ್ಚೇನೂ ಕೊಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಚ್‌ಎಂಟಿ ಗಾಡಿ ಇರುವವರಿಗೆ ಇಲ್ಲಿ ತೊಡಕು ಹೆಚ್ಚು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಆ ಕಂಪನಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ನೀಡಿದ ಮೇಲೆ ಹೊಸ ಗಾಡಿಗಳೇ ಇಲ್ಲವಾದ್ದರಿಂದ ಸಿದ್ಧ ಫ್ರೇಮ್ ಹುಡುಕುವುದು ಕಷ್ಟ, ಮಾಡಿಸಿಕೊಳ್ಳುವುದೇ ದಾರಿ.

ಮಾಡಿಸುವುದಾದರೆ ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಟ್ರೇಲರ್ ಕಟ್ಟಿ ಅನುಭವವಿರುವ ಫ್ಯಾಬ್ರಿಕೇಷನ್ ಅಂಗಡಿಗೆ ಗಾಡಿಯನ್ನೇ ತೆಗೆದುಕೊಂಡು ಹೋಗಿ, ಕಣ್ಣೆದುರೇ ಅಳತೆ ತೆಗೆಸಿ. ಟ್ರ್ಯಾಕ್ಟರಿನ ಎರಕಕ್ಕೆ ವೆಲ್ಡಿಂಗ್ ಮಾಡಲು, ಹೊಸ ತೂತು ಕೊರೆಯಲು ಒಪ್ಪಬೇಡಿ; ಕಂಪನಿ ಕೊಟ್ಟಿರುವ ತೂತುಗಳಲ್ಲೇ, ತಲೆಯ ಮೇಲೆ 8.8 ಅಥವಾ 10.9 ಎಂಬ ಗುರುತಿರುವ ಬೋಲ್ಟ್ ಹಾಕಿಸಿ. ಫ್ರೇಮ್ ಕೂರಿಸಿದ ಮೇಲೂ ಎಂಜಿನ್ ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಸ್ಟಾರ್ಟರ್ ಮೋಟರ್ ಇವುಗಳಿಗೆ ಕೈ ಹೋಗುವಂತಿರಬೇಕು, ಬಾನೆಟ್ ತೆರೆಯುವಂತಿರಬೇಕು. ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ ಆಕ್ಸಲ್ ಓಲಾಡಿದಾಗ ಟೈರ್ ಫ್ರೇಮಿಗೆ ತಾಗುತ್ತದೆಯೇ ಎಂದು ನೋಡಿ.

ಪಂಪು, ವಾಲ್ವು, ಎಣ್ಣೆ

ಲೋಡರ್ ಎಷ್ಟು ಭಾರ ಎತ್ತುತ್ತದೆ ಎಂಬುದು ಒತ್ತಡವನ್ನೂ ಜಾಕಿನ (ಎಣ್ಣೆಯ ಒತ್ತಡದಿಂದ ತೋಳನ್ನು ಎತ್ತುವ ಸಿಲಿಂಡರಿನ) ದಪ್ಪವನ್ನೂ ಅವಲಂಬಿಸಿದೆ, ಎಷ್ಟು ಬೇಗ ಎತ್ತುತ್ತದೆ ಎಂಬುದು ಪಂಪ್ ನಿಮಿಷಕ್ಕೆ ಕೊಡುವ ಲೀಟರುಗಳನ್ನು ಅವಲಂಬಿಸಿದೆ. 63 ಮಿಲಿಮೀಟರ್ ಒಳವ್ಯಾಸ, 50 ಸೆಂಟಿಮೀಟರ್ ಓಟ ಇರುವ ಒಂದು ಜಾಕ್ ತುಂಬಲು ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಎಣ್ಣೆ ಬೇಕು, ಎರಡಕ್ಕೆ 3.1 ಲೀಟರ್. ನಿಮಿಷಕ್ಕೆ 17 ಲೀಟರ್ ಕೊಡುವ ಪಂಪಿನಿಂದ ತೋಳು ಪೂರ್ತಿ ಏಳಲು ಹನ್ನೊಂದು ಸೆಕೆಂಡ್ ಹಿಡಿಯುತ್ತದೆ; 30 ಲೀಟರಿನದಾದರೆ ಆರೇ ಸೆಕೆಂಡ್. ಯಾರಾದರೂ ದಪ್ಪ ಜಾಕ್ ಇದೆ, ಹೆಚ್ಚು ಎತ್ತುತ್ತದೆ ಎಂದು ಹೊಗಳಿದರೆ, ಅದೇ ಪಂಪಿಗೆ ಅದು ಇನ್ನೂ ನಿಧಾನವಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಳೆಯ ಮ್ಯಾಸ್ಸಿ ಗಾಡಿಗಳವರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅವುಗಳ ಪಂಪ್ ಹಿಂದಿನ ಹೌಸಿಂಗಿನ ಒಳಗೆ ಎಣ್ಣೆಯಲ್ಲಿ ಮುಳುಗಿದ್ದು, ಪಿ.ಟಿ.ಓ. ಶಾಫ್ಟಿನಿಂದ (ಹಿಂದಿನ ಉಪಕರಣಗಳನ್ನು ತಿರುಗಿಸುವ ಶಾಫ್ಟಿನಿಂದ) ತಿರುಗುತ್ತದೆ. ಅದು ಕೊಡುವ ಎಣ್ಣೆಯೂ ಕಡಿಮೆ. ಸಿಂಗಲ್ ಕ್ಲಚ್ ಗಾಡಿಯಾದರೆ ಪೆಡಲ್ ಒತ್ತಿದ ಕೂಡಲೇ ಪಂಪೂ ನಿಲ್ಲುವುದರಿಂದ, ಗುಡ್ಡೆಯ ಮುಂದೆ ಗಾಡಿಯನ್ನು ತಡೆದು ಹಿಡಿದು ಬಕೆಟ್ ಎತ್ತಲು ಆಗುವುದಿಲ್ಲ. ಪ್ರತಿ ಸಲವೂ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಬೇಕಾಗುತ್ತದೆ. ಡ್ಯುಯಲ್ ಕ್ಲಚ್ ಇದ್ದರೆ ಅರ್ಧ ಒತ್ತಿ ಕೆಲಸ ಮಾಡಬಹುದು. ಇಂಥ ಗಾಡಿಗೆ ಎಂಜಿನ್ನಿನ ಮುಂದಿನ ಕ್ರ್ಯಾಂಕ್ ಪುಲ್ಲಿಯಿಂದ ತಿರುಗುವ ಬೇರೆ ಗೇರ್ ಪಂಪನ್ನೂ, ಅದಕ್ಕೆ ಪ್ರತ್ಯೇಕ ಎಣ್ಣೆ ಟ್ಯಾಂಕ್ ಮತ್ತು ಫಿಲ್ಟರನ್ನೂ ಕೂರಿಸುವುದು ಖರ್ಚಿನ ದಾರಿಯಾದರೂ ಸರಿಯಾದ ದಾರಿ. ಹಾಗೆ ಮಾಡಿದರೆ ಗೇರ್ ಬಾಕ್ಸಿನ ಎಣ್ಣೆಗೆ ಲೋಡರಿನ ಧೂಳು ಸೇರುವ ಭಯವೂ ಇರುವುದಿಲ್ಲ.

ಟ್ರ್ಯಾಕ್ಟರಿನ ಗೇರ್ ಪಂಪಿನಿಂದಲೇ ಎಣ್ಣೆ ತೆಗೆಯುವುದಾದರೆ ಲೋಡರಿನ ವಾಲ್ವ್ ಓಪನ್ ಸೆಂಟರ್ ಮಾದರಿಯದಾಗಿರಬೇಕು. ಅಂದರೆ ಲಿವರುಗಳು ನಡುವೆ ನಿಂತಾಗ ಪಂಪಿನ ಎಣ್ಣೆ ತಡೆಯಿಲ್ಲದೆ ಹಾದು ಹೋಗಬೇಕು. ಕ್ಲೋಸ್ಡ್ ಸೆಂಟರ್ ವಾಲ್ವ್ ಹಾಕಿದರೆ ಎಣ್ಣೆ ಸದಾ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ಮಾತ್ರ ತೆರೆಯಬೇಕಾದ ವಾಲ್ವ್) ಮೂಲಕವೇ ನುಗ್ಗಿ, ಕೆಲ ಹೊತ್ತಿನಲ್ಲೇ ಕೈ ಇಡಲಾಗದಷ್ಟು ಕಾಯುತ್ತದೆ. ಲೋಡರ್ ವಾಲ್ವಿನಿಂದ ಹೊರಟ ಎಣ್ಣೆ ಹಿಂದಿನ ಲಿಫ್ಟಿಗೂ ಹೋಗಬೇಕಾದರೆ ಆ ವಾಲ್ವಿನಲ್ಲಿ ಪವರ್ ಬಿಯಾಂಡ್ ಎಂಬ ದ್ವಾರ ಇರಲೇಬೇಕು. ಸಾಧಾರಣ ರಿಟರ್ನ್ ದ್ವಾರದಿಂದ ಲಿಫ್ಟಿಗೆ ಹೋಸ್ ಜೋಡಿಸಿದರೆ, ಒತ್ತಡ ತಡೆಯಲು ಮಾಡದ ಆ ಭಾಗ ಒಡೆಯಬಹುದು. ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸಿ ಒತ್ತಡ ಹೆಚ್ಚಿಸಿಕೊಡುತ್ತೇನೆ ಎನ್ನುವವರ ಮಾತಿಗೆ ಒಪ್ಪಬೇಡಿ. ಹೆಚ್ಚಾದ ಒತ್ತಡವನ್ನು ಹೊರಬೇಕಾದದ್ದು ನಿಮ್ಮ ಹಳೆಯ ಪಂಪೇ.

ಲೋಡರಿನ ಮುಂದೆ ನಿಂತಾಗ

ಹಗಲು ಹೊತ್ತಿನಲ್ಲಿ ಹೋಗಿ. ಟಾರ್ಚ್, ತಂತಿ ಬ್ರಷ್, ಟೇಪು, ಒಂದು ಕಬ್ಬಿಣದ ಹಾರೆ ಜೊತೆಗಿರಲಿ. ಲೋಡರ್ ಇನ್ನೂ ಯಾವುದಾದರೂ ಟ್ರ್ಯಾಕ್ಟರಿನ ಮೇಲಿರುವಾಗಲೇ ನೋಡುವುದು ಉತ್ತಮ. ನೆಲದ ಮೇಲೆ ಬಿಚ್ಚಿಟ್ಟಿರುವುದರಲ್ಲಿ ಅರ್ಧ ಪರೀಕ್ಷೆಗಳು ಸಾಧ್ಯವಿಲ್ಲ.

ಮೊದಲು ತೋಳುಗಳನ್ನು ಹೊರುವ ಕಂಬಗಳ ಬುಡಕ್ಕೆ ಬನ್ನಿ. ಹೊಸ ಬಣ್ಣ ಬಳಿದಿದ್ದರೆ ಕೈಯಿಂದ ಸವರಿ ನೋಡಿ. ಒಳಗೆ ಬಿರುಕಿದ್ದರೆ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಾಣುತ್ತದೆ, ಮಳೆ ಕಂಡಿದ್ದರೆ ಆ ಗೆರೆಯಿಂದ ಕೆಂಪು ತುಕ್ಕು ಕಣ್ಣೀರಿನಂತೆ ಕೆಳಗೆ ಇಳಿದಿರುತ್ತದೆ. ಅಲ್ಲಿ ಬ್ರಷ್‌ನಿಂದ ಉಜ್ಜಲು ಅನುಮತಿ ಕೇಳಿ. ವೆಲ್ಡಿಂಗಿನ ಮೇಲೆ ವೆಲ್ಡಿಂಗ್ ಬಿದ್ದಿರುವ ಗಂಟು ಕಂಡರೆ ಆ ಜಾಗ ಮೊದಲೊಮ್ಮೆ ಮುರಿದಿದೆ ಎಂದು ತಿಳಿಯಿರಿ. ಇದೇ ರೀತಿ ತೋಳು ಬಾಗುವ ಮೂಲೆ, ಎರಡು ತೋಳುಗಳನ್ನು ಜೋಡಿಸುವ ಅಡ್ಡ ಪೈಪು, ಜಾಕಿನ ಕಿವಿಗಳು, ಇವನ್ನೂ ನೋಡಿ. ಬೋಲ್ಟಿನ ತೂತು ದುಂಡಗಿರದೆ ಉದ್ದಕ್ಕೆ ಸವೆದಿದ್ದರೆ ಆ ಲೋಡರ್ ಬಹುಕಾಲ ಸಡಿಲ ಬೋಲ್ಟಿನಲ್ಲೇ ದುಡಿದಿದೆ.

ಬಕೆಟ್ಟನ್ನು ಸಿಮೆಂಟ್ ನೆಲದ ಮೇಲೆ ಮೆಲ್ಲಗೆ ಇಳಿಸಿದಾಗ ತುಟಿಯ ಎರಡೂ ತುದಿ ಒಟ್ಟಿಗೇ ನೆಲ ಮುಟ್ಟಬೇಕು. ಒಂದು ಕಡೆ ಎರಡು ಬೆರಳು ಹೋಗುವಷ್ಟು ಸಂದಿ ಉಳಿದರೆ, ಟ್ರ್ಯಾಕ್ಟರಿನ ಟೈರುಗಳ ಗಾಳಿ ಸಮವಾಗಿದೆಯೇ ಎಂದು ನೋಡಿಕೊಂಡು, ಸಮವಾಗಿದ್ದರೆ ತೋಳು ತಿರುಚಿಕೊಂಡಿದೆ ಎಂದೇ ತೀರ್ಮಾನಿಸಿ. ತಿರುಚಿದ ತೋಳನ್ನು ನೇರ ಮಾಡಿಸಿದರೂ ನಂಬಿಕೆಗೆ ಅರ್ಹವಲ್ಲ. ಪಿನ್ನುಗಳ ಬಳಿ ಹಾರೆ ಕೊಟ್ಟು ಮೀಟಿದಾಗ ಒಂದೆರಡು ಮಿಲಿಮೀಟರ್ ಅಲುಗಾಡುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಜಾಕಿನ ರಾಡನ್ನು ಪೂರ್ತಿ ಹೊರಗೆ ಬಿಡಿಸಿ, ಒರೆಸಿ, ಅದರ ಮೇಲೆ ಉಗುರನ್ನು ಉದ್ದಕ್ಕೂ ಎಳೆಯಿರಿ. ಮಲೆನಾಡಿನ ಮಳೆಯಲ್ಲಿ ಹೊರಗೆ ನಿಂತ ಲೋಡರಿನ ರಾಡಿನ ಮೇಲೆ ಕ್ರೋಮ್ ಎದ್ದು ಸಣ್ಣ ಗುಳಿಗಳಾಗಿರುತ್ತವೆ; ಉಗುರು ಸಿಕ್ಕಿಹಾಕಿಕೊಳ್ಳುವಂಥ ಗುಳಿ ಇದ್ದರೆ ಹೊಸ ಸೀಲನ್ನೂ ಅದು ಬೇಗ ಹರಿದುಹಾಕುತ್ತದೆ. ಸೀಲ್ ಕಿಟ್ ಅಗ್ಗ, ರಾಡಿಗೆ ಮತ್ತೆ ಕ್ರೋಮ್ ಹಾಕಿಸುವುದು ದುಬಾರಿ. ಆಮೇಲೆ ಬಕೆಟ್ಟಿಗೆ ಭಾರ ತುಂಬಿ ಒಂದು ಮೀಟರ್ ಎತ್ತಿಸಿ, ಎಂಜಿನ್ ಆರಿಸಿ ಐದು ನಿಮಿಷ ದೂರ ನಿಂತು ಕಾಯಿರಿ. ಸೆಂಟಿಮೀಟರ್ ಲೆಕ್ಕದಲ್ಲಿ ಇಳಿದರೆ ಒಪ್ಪಬಹುದು, ಅಡಿ ಲೆಕ್ಕದಲ್ಲಿ ಇಳಿದರೆ ಸೀಲೋ ವಾಲ್ವೋ ಸವೆದಿದೆ. ಹೋಸ್ ಪೈಪುಗಳಲ್ಲಿ ಒಳಗಿನ ತಂತಿ ಕಂಡರೆ ಎಲ್ಲವನ್ನೂ ಹೊಸದಾಗಿ ಹಾಕಿಸುವುದೆಂದೇ ಲೆಕ್ಕ ಹಾಕಿ. ಸೋರಿಕೆ ಹುಡುಕಲು ಯಾವ ಕಾರಣಕ್ಕೂ ಬರಿಗೈ ಸವರಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಸೇರುತ್ತದೆ. ನೋವು ಕಡಿಮೆ ಎನಿಸಿದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗುತ್ತದೆ.

ಕಾಗದಪತ್ರ ಮತ್ತು ಬೆಲೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದಕ್ಕೆ ನಿರ್ಬಂಧವಿದೆ. ಆದ್ದರಿಂದ ಲೋಡರ್ ಕೂರಿಸಿದ ಗಾಡಿಯನ್ನು ರಸ್ತೆಗೆ ತರುವ ಮುನ್ನ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣ ಆಗಿದೆಯೇ ಎಂಬುದನ್ನೂ ಈ ಸಂದರ್ಭದಲ್ಲೇ ನೋಡಿಕೊಳ್ಳಿ. ಲೋಡರಿಗೆ ಆರ್.ಸಿ. ಇರುವುದಿಲ್ಲವಾದ್ದರಿಂದ ಮಾರುವವರಿಂದ ಸಹಿ ಮಾಡಿದ ಖರೀದಿ ಚೀಟಿ ಪಡೆಯಿರಿ. ಬೆಲೆ ಮಾತನಾಡುವಾಗ ಹೋಸ್, ಸೀಲ್, ಬುಷ್, ಬಕೆಟ್ಟಿನ ತುಟಿಯ ಪಟ್ಟಿ, ಬ್ರಾಕೆಟ್, ಎಣ್ಣೆ, ಹಿಂದಿನ ಭಾರ, ಸಾಗಣೆ ಇವುಗಳ ಖರ್ಚನ್ನು ಅಂಗಡಿಯಲ್ಲಿ ಮೊದಲೇ ಕೇಳಿ ಬರೆದುಕೊಂಡಿದ್ದರೆ, ಎಷ್ಟರವರೆಗೆ ಹೋಗಬಹುದು ಎಂಬುದು ತಾನೇ ತಿಳಿಯುತ್ತದೆ.

ಕೂರಿಸಿದ ಮೇಲೆ

ಮೊದಲ ಸಲ ಜಾಕುಗಳೂ ಹೋಸುಗಳೂ ತುಂಬಿಕೊಂಡಾಗ ಹೌಸಿಂಗಿನ ಎಣ್ಣೆಯ ಮಟ್ಟ ಇಳಿಯುತ್ತದೆ. ಹಲವು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಹೋದ ಮೇಲೆ, ಬಕೆಟ್ ನೆಲದ ಮೇಲಿದ್ದು ಜಾಕುಗಳು ಒಳಗಿರುವಾಗ ಡಿಪ್‌ಸ್ಟಿಕ್ ನೋಡಿ, ಅದೇ ಜಾತಿಯ ಎಣ್ಣೆ ಸೇರಿಸಿ. ಲೋಡ್ ಹೊತ್ತು ಚಲಿಸುವಾಗ ಬಕೆಟ್ ಮೊಣಕಾಲಿಗಿಂತ ಕೆಳಗಿರಲಿ. ಗುಡ್ಡೆಯೊಳಗೆ ನುಗ್ಗಿದ ಸ್ಥಿತಿಯಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ತೋಳು ತಿರುಚುವುದೂ ಕಿಂಗ್ ಪಿನ್ ಹೋಗುವುದೂ ಒಟ್ಟಿಗೇ ಆಗುತ್ತದೆ. ಎತ್ತಿದ ತೋಳಿನ ಕೆಳಗೆ ಹೋಗಿ ರಿಪೇರಿ ಮಾಡುವುದಾದರೆ ಜಾಕಿನ ರಾಡಿನ ಮೇಲೆ ಗಟ್ಟಿಯಾದ ಕಬ್ಬಿಣದ ತಡೆ ಕೂರಿಸದೆ ಹೋಗಬಾರದು. ನಮ್ಮ ತೋಟಗಳಲ್ಲಿ ಮರಗಸಿಗೂ (ನೆರಳಿನ ಮರದ ಕೊಂಬೆ ಸವರಲೂ) ಮೆಣಸು ಕೊಯ್ಯಲೂ ಕೆಲಸದವರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಎತ್ತುವ ಪದ್ಧತಿ ಕೆಲವೆಡೆ ಇದೆ. ಒಂದು ಹೋಸ್ ಸಿಡಿದರೆ ಆ ಮನುಷ್ಯ ಬಕೆಟ್ ಸಮೇತ ನೆಲಕ್ಕೆ ಬೀಳುತ್ತಾನೆ, ಮೇಲೆ ವಿದ್ಯುತ್ ತಂತಿ ಇದ್ದರೆ ಅದು ಬೇರೆಯದೇ ಅಪಾಯ. ದಯವಿಟ್ಟು ಇದನ್ನು ಯಾರೂ ಮಾಡಬಾರದು, ಮಾಡಲು ಬಿಡಬಾರದು.

ಮೊದಲ ದಿನದ ಕೆಲಸ ಮುಗಿದ ಕೂಡಲೇ ಫ್ರೇಮಿನ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಗೊಳಿಸಿ, ಮೊದಲ ಹತ್ತು ಗಂಟೆಗಳ ನಂತರ ಇನ್ನೊಮ್ಮೆ. ಹೊಸದಾಗಿ ಮಾಡಿಸಿದ ಫ್ರೇಮ್ ಕೂತುಕೊಳ್ಳುವಾಗ ಬೋಲ್ಟ್ ಸಡಿಲವಾಗುವುದು ಸಾಮಾನ್ಯ. ಪಿನ್ನುಗಳಿಗೆ ಪ್ರತಿದಿನ ಗ್ರೀಸ್ ಹೊಡೆಯಿರಿ, ಹೈಡ್ರಾಲಿಕ್ ಫಿಲ್ಟರನ್ನು ಮೊದಲ ಐವತ್ತು ಗಂಟೆಗೇ ಬದಲಾಯಿಸಿ. ಹಳೆಯ ಜಾಕುಗಳ ಒಳಗೆ ಕೂತಿದ್ದ ಕೊಳೆಯೆಲ್ಲ ಬರುವುದು ಆ ಫಿಲ್ಟರಿಗೇ.